ಮನೆ ಬೆಲೆ ಮಾಡೆಲ್ ಕೊಡುವ ಕಾರಣ ಸರಿ ಕಾಣದಿದ್ದಾಗ: ಕೊಡಗಿನ ಡೇಟಾದಲ್ಲಿ ದೋಷ ಹುಡುಕುವ ಕೈಪಿಡಿ

ಹಳೆಯ ಮಾರಾಟಗಳ ಡೇಟಾ ನೋಡಿ ಕಲಿತ ಕಂಪ್ಯೂಟರ್ ಮಾಡೆಲ್ ಮನೆಯ ಬೆಲೆ ಹೇಳುತ್ತದೆ. ಟೆಸ್ಟ್‌ನಲ್ಲಿ ಅಂಕವೂ ಚೆನ್ನಾಗಿ ಬಂದಿದೆ. ಆದರೆ ಯಾಕೆ ಇಷ್ಟು ಬೆಲೆ ಅಂತ ಕೇಳಿದರೆ ವಿಚಿತ್ರ ಉತ್ತರ ಬರುತ್ತದೆ. ಮಳೆ ಜಾಸ್ತಿ ಬೀಳುವುದರಿಂದ ಈ ಮನೆಗೆ ಆರು ಲಕ್ಷ ಹೆಚ್ಚು. ಜಾಗ ದೊಡ್ಡದಾದಷ್ಟೂ ಬೆಲೆ ಕಡಿಮೆ. ಇನ್ನೊಂದು ಬಾತ್‌ರೂಮ್ ಇದ್ದರೆ ಹತ್ತು ಲಕ್ಷ ಏರುತ್ತದೆ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮನೆ ಕೊಂಡು ಮಾರಿದ ಯಾರಿಗೆ ತೋರಿಸಿದರೂ ಇದನ್ನು ಒಪ್ಪುವುದಿಲ್ಲ. ಅವರು ಒಪ್ಪದಿರುವುದೇ ಸರಿ.

ಅಂಥ ಹೊತ್ತಿನಲ್ಲಿ ಎಲ್ಲಿಂದ ಹುಡುಕಲು ಶುರು ಮಾಡಬೇಕು, ಯಾವುದನ್ನು ಮೊದಲು ನೋಡಬೇಕು ಅಂತ ಇಲ್ಲಿ ಬರೆದಿದ್ದೇನೆ. ಪೈಥಾನ್ ಸ್ವಲ್ಪ ಗೊತ್ತಿದ್ದು, ಎಕ್ಸ್‌ಜಿಬೂಸ್ಟ್ ಅಥವಾ ರ‍್ಯಾಂಡಮ್ ಫಾರೆಸ್ಟ್‌ನಂಥ ಮರದ ಮಾಡೆಲ್ (ಹೌದು, ಇಲ್ಲ ಅನ್ನುವ ಪ್ರಶ್ನೆಗಳ ಕವಲುಗಳಿಂದ ಉತ್ತರ ಹೇಳುವಂಥದ್ದು) ಒಂದನ್ನು ಓಡಿಸಿ ನೋಡಿದವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಯಾವ ಅಂಶ ಬೆಲೆಯನ್ನು ಎಷ್ಟು ಏರಿಸಿತು, ಇಳಿಸಿತು ಅನ್ನುವ ವಿವರಣೆಯ ಚಿತ್ರ ತೋರಿಸುವುದು ಮಾಡೆಲ್ ಏನು ಕಲಿತಿದೆ ಅನ್ನುವುದನ್ನು. ಮನೆಗೆ ನಿಜವಾಗಿ ಯಾಕೆ ಅಷ್ಟು ಬೆಲೆ ಅನ್ನುವುದನ್ನಲ್ಲ. ಹಾಗಾಗಿ ವಿಚಿತ್ರ ಕಾರಣ ಬಂದ ಕೂಡಲೇ ವಿವರಣೆಯೇ ಹಾಳು ಅಂತ ಬಿಟ್ಟುಬಿಡಬೇಡಿ. ಬಹಳ ಸಲ ಅದು ಸತ್ಯವನ್ನೇ ಹೇಳುತ್ತಿರುತ್ತದೆ. ನೀವು ಕೊಟ್ಟ ಡೇಟಾದಲ್ಲಿ ಏನು ಕೆಟ್ಟಿದೆ ಅಂತ ಅಷ್ಟು ಬೇಗ ತೋರಿಸಿಕೊಡುವ ಬೇರೆ ಸಾಧನ ನನಗಂತೂ ಸಿಕ್ಕಿಲ್ಲ.

ಸಾಧನಗಳ ಬಗ್ಗೆ ಚುಟುಕಾಗಿ. ಬೆಲೆಯಲ್ಲಿ ಪ್ರತಿ ಅಂಶದ ಪಾಲು ಎಷ್ಟು ಅಂತ ಲೆಕ್ಕ ಹಾಕುವ ಶ್ಯಾಪ್ (SHAP) ಅನ್ನು ಲುಂಡ್‌ಬರ್ಗ್ ಮತ್ತು ಲೀ 2017ರಲ್ಲಿ ಮುಂದಿಟ್ಟರು. ಅದರ ಬೇರು ಇರುವುದು ಲಾಯ್ಡ್ ಶಾಪ್ಲಿ 1953ರಲ್ಲಿ ಬರೆದ ಆಟದ ಸಿದ್ಧಾಂತದಲ್ಲಿ: ಹಲವರು ಸೇರಿ ದುಡಿದಾಗ ಯಾರಿಗೆ ಎಷ್ಟು ಪಾಲು ನ್ಯಾಯ ಅನ್ನುವ ಲೆಕ್ಕ. ಇಲ್ಲಿ ದುಡಿಯುವವರು ಅಂದರೆ ಜಾಗ, ಕಟ್ಟಡ, ಊರು, ವಯಸ್ಸು ಇತ್ಯಾದಿ ಕಾಲಂಗಳು. ಲೈಮ್ (LIME) 2016ರದ್ದು. ಒಂದು ಮನೆಯ ಸುತ್ತಮುತ್ತ ಕೃತಕ ಮನೆಗಳನ್ನು ಸೃಷ್ಟಿಸಿ, ಅಲ್ಲಿ ಸರಳ ಗೆರೆ ಎಳೆದು ಕಾರಣ ಹೇಳುತ್ತದೆ. ಒಂದೇ ಅಂಶವನ್ನು ಏರಿಸುತ್ತಾ ಇಳಿಸುತ್ತಾ ಬೆಲೆ ಹೇಗೆ ಬದಲಾಗುತ್ತದೆ ಅಂತ ನೋಡುವ ಪಾರ್ಷಿಯಲ್ ಡಿಪೆಂಡೆನ್ಸ್ ಚಿತ್ರವನ್ನು ಫ್ರೀಡ್‌ಮನ್ 2001ರಲ್ಲಿ ಕೊಟ್ಟರು. ಈ ಮೂರು ಸಾಕು.

ಮೊದಲು ಕೂಡಿಸಿ ನೋಡಿ

ಶ್ಯಾಪ್‌ನಲ್ಲಿ ಒಂದು ಮೂಲ ಬೆಲೆ, ಅಂದರೆ ಹೋಲಿಕೆಗೆ ಇಟ್ಟ ಮನೆಗಳಿಗೆ ಮಾಡೆಲ್ ಹೇಳಿದ ಬೆಲೆಗಳ ಸರಾಸರಿ, ಇರುತ್ತದೆ. ಅದಕ್ಕೆ ಪ್ರತಿ ಅಂಶದ ಪಾಲು ಕೂಡುತ್ತದೆ, ಇಲ್ಲವೇ ಕಳೆಯುತ್ತದೆ. ಕೊನೆಗೆ ಮಾಡೆಲ್ ಹೇಳಿದ ಬೆಲೆಗೇ ಬಂದು ನಿಲ್ಲಬೇಕು. ಯಾವುದಾದರೂ ಹತ್ತು ಮನೆ ತೆಗೆದುಕೊಂಡು ಕೂಡಿಸಿ. ಕೂಡಿ ಬರದಿದ್ದರೆ ಬೇರೆ ಯಾವ ಚಿತ್ರವನ್ನೂ ನೋಡಬೇಡಿ, ಅವು ಯಾವುವೂ ನಂಬುವಂಥವಲ್ಲ.

ಕೂಡಿ ಬರದಿರಲು ಸಾಮಾನ್ಯ ಕಾರಣ ಲಾಗ್ (ಲಾಗರಿದಮ್). ಬೆಲೆಗಳು ಐದು ಲಕ್ಷದಿಂದ ಐದು ಕೋಟಿವರೆಗೆ ಹರಡಿರುವುದರಿಂದ ಬೆಲೆಯ ಲಾಗ್ ತೆಗೆದು ಕಲಿಸುವುದು ರೂಢಿ, ಅದು ಒಳ್ಳೆಯ ರೂಢಿಯೇ. ಆದರೆ ಆಗ ಪಾಲುಗಳೂ ಲಾಗ್‌ನಲ್ಲೇ ಬರುತ್ತವೆ. ಅವು ರೂಪಾಯಿ ಅಲ್ಲ, ಗುಣಕಗಳು. ಉದಾಹರಣೆಗೆ ಮೂಲ ಬೆಲೆ 50 ಲಕ್ಷ, ಜಾಗದ ಪಾಲು 0.18, ರಸ್ತೆಯ ಪಾಲು ಮೈನಸ್ 0.22 ಅಂದುಕೊಳ್ಳಿ. 0.18 ಅಂದರೆ ಸುಮಾರು ಶೇಕಡ 20 ಏರಿಕೆ. ಮೈನಸ್ 0.22 ಅಂದರೆ ಸುಮಾರು ಶೇಕಡ 20 ಇಳಿಕೆ. ಎರಡೂ ಸೇರಿ ಬೆಲೆ ಸುಮಾರು 48 ಲಕ್ಷ. ಇದನ್ನು ಬಿಟ್ಟು 0.18 ಅನ್ನು ಹೇಗೋ ಲಕ್ಷಕ್ಕೆ ತಿರುಗಿಸಿ ಪರದೆಯಲ್ಲಿ ತೋರಿಸಿದರೆ ನೋಡಿದವರಿಗೆ ಸುಳ್ಳು ಹೇಳಿದಂತೆ. ಇನ್ನೂ ಒಂದು ವಿಷಯ: ಲಾಗ್‌ನ ಸರಾಸರಿಯನ್ನು ಬೆಲೆಗೆ ತಿರುಗಿಸಿದರೆ ಸಿಗುವುದು ಸಾಮಾನ್ಯ ಸರಾಸರಿ ಬೆಲೆ ಅಲ್ಲ, ಅದಕ್ಕಿಂತ ಕಡಿಮೆ ಇರುವ ಗುಣೋತ್ತರ ಸರಾಸರಿ.

ಲಾಗ್ ಇಲ್ಲದೆಯೂ ಕೂಡಿ ಬರುತ್ತಿಲ್ಲವಾದರೆ ಕಾಲಂಗಳ ಕ್ರಮ ನೋಡಿ. ಕಲಿಸುವಾಗ ಒಂದು ಕ್ರಮ, ವಿವರಣೆ ಕೇಳುವಾಗ ಇನ್ನೊಂದು ಕ್ರಮ ಇದ್ದರೆ ಜಾಗದ ಹೆಸರಿನ ಕೆಳಗೆ ವಯಸ್ಸಿನ ಪಾಲು ಬಂದು ಕೂರುತ್ತದೆ. ಹಳೆಯ ಮಾಡೆಲ್ ಫೈಲ್‌ಗೆ ಹೊಸ ಡೇಟಾ ಕೊಟ್ಟಾಗಲೂ ಹೀಗೇ. ಶ್ಯಾಪ್ ಲೈಬ್ರರಿ ತಾನೇ ಈ ಕೂಡಿಕೆಯನ್ನು ಪರೀಕ್ಷಿಸಿ ಎರರ್ ಕೊಡುತ್ತದೆ. ಅದನ್ನು ಆಫ್ ಮಾಡಲು ಒಂದು ಆಯ್ಕೆ ಇದೆ. ಎರರ್ ತೊಲಗಲಿ ಅಂತ ದಯವಿಟ್ಟು ಅದನ್ನು ಆಫ್ ಮಾಡಬೇಡಿ.

ಕೂಡಿ ಬರುತ್ತಿದೆ, ಆದರೂ ಕೆಲವು ಊರುಗಳ ಮನೆಗಳಿಗೆ ಎಲ್ಲ ಪಾಲೂ ಮೈನಸ್ಸೇ ಬರುತ್ತಿದೆ ಅಂದರೆ ಹೋಲಿಕೆಗೆ ಇಟ್ಟ ಮನೆಗಳನ್ನು ನೋಡಿ. ಪಾಲು ಅನ್ನುವುದು ಯಾವಾಗಲೂ ಯಾರಿಗೋ ಹೋಲಿಸಿ ಹೇಳುವ ಮಾತು. ಹೋಲಿಕೆಗೆ ಕೊಟ್ಟ ಸಾಲುಗಳೆಲ್ಲ ಕುಶಾಲನಗರದ ಬಡಾವಣೆಯ ಹೊಸ ಮನೆಗಳಾಗಿದ್ದರೆ ಭಾಗಮಂಡಲದ ಹೆಂಚಿನ ಮನೆಗೆ ಎಲ್ಲದರಲ್ಲೂ ಕೊರತೆಯೇ ಕಾಣುತ್ತದೆ. ಜಿಲ್ಲೆಯ ಐದೂ ತಾಲೂಕಿನಿಂದ ಸಮವಾಗಿ ಸಾಲು ಆರಿಸಿ ಹೋಲಿಕೆಗೆ ಇಡಿ. ಇಲ್ಲವೇ ಆಯಾ ತಾಲೂಕಿಗೆ ಆಯಾ ತಾಲೂಕನ್ನೇ ಹೋಲಿಕೆಗೆ ಇಟ್ಟು, ಅದನ್ನು ಚಿತ್ರದ ಮೇಲೆ ಬರೆದುಬಿಡಿ.

ಜಾಗ ದೊಡ್ಡದಾದರೆ ಬೆಲೆ ಇಳಿಯುತ್ತದೆ ಅಂದರೆ: ಅಳತೆ

ನಮ್ಮಲ್ಲಿ ಇದು ಬಹಳ ಸಲ ಅಳತೆಯ ಗೊಂದಲ. ಸೈಟು ಮಾರುವವರು ಸೆಂಟ್‌ನಲ್ಲಿ ಹೇಳುತ್ತಾರೆ. ಮೈಸೂರು, ಬೆಂಗಳೂರು ಕಡೆಯಿಂದ ಬಂದವರು ಗುಂಟೆಯಲ್ಲಿ ಬರೆಯುತ್ತಾರೆ. ಬಡಾವಣೆಯವರು 30 ಇಂಟು 40 ಅನ್ನುತ್ತಾರೆ. ತೋಟದವರಿಗೆ ಎಕರೆಯೇ ಲೆಕ್ಕ. ಎಲ್ಲವೂ ಒಂದೇ ಕಾಲಂಗೆ ಬಂದು ಬಿದ್ದಿರುತ್ತದೆ.

ಲೆಕ್ಕ ಹೀಗಿದೆ. ಒಂದು ಎಕರೆ ಅಂದರೆ 100 ಸೆಂಟ್ ಅಥವಾ 40 ಗುಂಟೆ. ಒಂದು ಸೆಂಟ್ 435.6 ಚದರ ಅಡಿ. ಒಂದು ಗುಂಟೆ 1089 ಚದರ ಅಡಿ. 10 ಸೆಂಟ್ ಅಂದರೆ 4 ಗುಂಟೆ, ಅಂದರೆ 4356 ಚದರ ಅಡಿ. 30 ಇಂಟು 40 ಸೈಟು 1200 ಚದರ ಅಡಿ, ಅದು ಸುಮಾರು 2.75 ಸೆಂಟ್. ಈಗ ಯೋಚಿಸಿ: ಚದರ ಅಡಿಯ ಕಾಲಂನಲ್ಲಿ ಯಾರೋ ಬರೀ 10 ಅಂತ ಬರೆದಿದ್ದಾರೆ. ಮಾಡೆಲ್ ಕಣ್ಣಿಗೆ ಅದು ಹತ್ತು ಚದರ ಅಡಿಯ ಜಾಗ, ಬೆಲೆ ಮಾತ್ರ 60 ಲಕ್ಷ. ಇಂಥ ಸಾಲು ಬಹಳ ಇದ್ದರೆ ಜಾಗ ಚಿಕ್ಕದಾದಷ್ಟೂ ಬೆಲೆ ಜಾಸ್ತಿ ಅಂತ ಅದು ಕಲಿಯದೆ ಇನ್ನೇನು ಮಾಡುತ್ತದೆ?

ಗುರುತಿಸುವುದು ಸುಲಭ. ಅಡ್ಡಕ್ಕೆ ಜಾಗ, ಉದ್ದಕ್ಕೆ ಅದರ ಶ್ಯಾಪ್ ಪಾಲು ಇಟ್ಟು ಚುಕ್ಕಿ ಚಿತ್ರ ತೆಗೆಯಿರಿ. ಎಡತುದಿಯಲ್ಲಿ ಸೊನ್ನೆಗೆ ಅಂಟಿಕೊಂಡ ಒಂದು ಗುಂಪು ಮೇಲೆ ನಿಂತಿದ್ದರೆ ಅದೇ ಸೆಂಟ್ ಮತ್ತು ಗುಂಟೆಯ ಗುಂಪು. ಆ ಚುಕ್ಕಿಗಳ ಮೂಲ ಸಾಲು ತೆಗೆದು ಕೈಯಿಂದಲೇ ಓದಿ.

ಇದಕ್ಕಿಂತ ಕಷ್ಟದ್ದು ಚುಕ್ಕಿ ಹಾಕಿ ಬರೆದ ಅಳತೆ. 1.20 ಅಂತ ಇದೆ ಅಂದುಕೊಳ್ಳಿ. ಅದು 1 ಎಕರೆ 20 ಸೆಂಟ್ ಆದರೆ ನಿಜಕ್ಕೂ 1.2 ಎಕರೆ. 1 ಎಕರೆ 20 ಗುಂಟೆ ಆದರೆ ಒಂದೂವರೆ ಎಕರೆ. ಕಂಪ್ಯೂಟರ್ ಎರಡನ್ನೂ 1.2 ಅಂತಲೇ ಓದುತ್ತದೆ, ಯಾವ ಎರರೂ ಬರುವುದಿಲ್ಲ, ಚಿತ್ರದಲ್ಲೂ ಎದ್ದು ಕಾಣುವುದಿಲ್ಲ. ಒಂದು ಸುಳಿವು ಮಾತ್ರ ಇದೆ. ಗುಂಟೆಯಲ್ಲಿ ಬರೆದ ಪಟ್ಟಿಯಲ್ಲಿ ಚುಕ್ಕಿಯ ನಂತರದ ಅಂಕಿ 39 ದಾಟುವುದಿಲ್ಲ. ಒಂದೇ ಮೂಲದಿಂದ ಬಂದ ನೂರಾರು ಸಾಲುಗಳಲ್ಲಿ ಒಂದರಲ್ಲೂ 39ರ ಮೇಲೆ ಇಲ್ಲದಿದ್ದರೆ ಅದು ಗುಂಟೆ ಅಂತ ಬಹುತೇಕ ಹೇಳಬಹುದು. 1.65, 0.80 ಇಂಥವು ಸಿಕ್ಕರೆ ಸೆಂಟ್. ಹಾಗಾಗಿ ಅಳತೆಯ ಜೊತೆ ಅದು ಯಾರಿಂದ ಬಂತು ಅನ್ನುವ ಕಾಲಂ ಇರಲೇಬೇಕು.

ವಯಸ್ಸಿನಲ್ಲೂ ಇಂಥದ್ದೇ ಒಂದು ಇದೆ. ಕಟ್ಟಿದ ವರ್ಷ ಗೊತ್ತಿಲ್ಲದ ಕಡೆ ಸೊನ್ನೆ ತುಂಬಿದ್ದರೆ ಮನೆಗೆ ಎರಡು ಸಾವಿರ ವರ್ಷ ದಾಟಿದ ವಯಸ್ಸು ಬರುತ್ತದೆ. ವರ್ಷ ಗೊತ್ತಿಲ್ಲದವು ಹೆಚ್ಚಾಗಿ ದೊಡ್ಡ ಜಾಗದಲ್ಲಿರುವ ಹಳೆಯ ಹೆಂಚಿನ ಮನೆಗಳು. ಆಗ ಮನೆ ಹಳೆಯದಾದಷ್ಟೂ ಬೆಲೆ ಏರುತ್ತದೆ ಅನ್ನುವ ವಿವರಣೆ ಹುಟ್ಟುತ್ತದೆ. ಸೊನ್ನೆಯ ಬದಲು ಖಾಲಿಯನ್ನು ಖಾಲಿಯಾಗೇ ಬಿಡಿ, ಎಕ್ಸ್‌ಜಿಬೂಸ್ಟ್ ಅದನ್ನು ನಿಭಾಯಿಸುತ್ತದೆ.

ಅಂಕ ಚೆನ್ನಾಗಿದೆ, ಆದರೆ ಊರು ಮತ್ತು ಜಾಗ ಬಿಟ್ಟು ಬೇರೇನೂ ಲೆಕ್ಕಕ್ಕೇ ಬರುತ್ತಿಲ್ಲ: ಬೆಲೆಯ ಕಾಲಂ

ಇದನ್ನು ಗಮನ ಇಟ್ಟು ಓದಿ. ಕರ್ನಾಟಕದಲ್ಲಿ ಮನೆ ಬೆಲೆ ಕಲಿಸಲು ಹೊರಟ ಯಾರಿಗಾದರೂ ಎದುರಾಗುವ ದೊಡ್ಡ ದೋಷ ಇದೇ.

ಲಕ್ಷಣ ಹೀಗಿರುತ್ತದೆ. ತಪ್ಪು ತೀರಾ ಕಡಿಮೆ. ಶ್ಯಾಪ್ ಚಿತ್ರದಲ್ಲಿ ಗ್ರಾಮ ಮತ್ತು ವಿಸ್ತೀರ್ಣ ಮೇಲೆ. ಅವೆರಡರ ಕೆಳಗೆ ಉಳಿದದ್ದೆಲ್ಲ ಸೊನ್ನೆಯ ಹತ್ತಿರ. ರಸ್ತೆ ಇದೆಯಾ, ಬಾವಿ ಇದೆಯಾ, ಮನೆಯ ಹಿಂದೆ ಬರೆ (ಮಣ್ಣಿನ ದಿಬ್ಬ) ಕಡಿದಿದ್ದಾರಾ, ಯಾವುದಕ್ಕೂ ಬೆಲೆಯಲ್ಲಿ ಪಾಲಿಲ್ಲ. ಇಂಥ ಮಾರುಕಟ್ಟೆ ಎಲ್ಲೂ ಇಲ್ಲ. ಇದು ಸರ್ಕಾರ ನೋಂದಣಿಗಾಗಿ ಗೊತ್ತುಮಾಡುವ ಮಾರ್ಗಸೂಚಿ ದರದ ಪಟ್ಟಿ.

ಆಗಿದ್ದೇನು ಅಂದರೆ, ಬೆಲೆಯ ಕಾಲಂಗೆ ಕ್ರಯಪತ್ರದಲ್ಲಿ ಬರೆದ ಮೊತ್ತ ಬಂದಿದೆ. ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಮಾರ್ಗಸೂಚಿ ಮೌಲ್ಯ, ಪತ್ರದ ಮೊತ್ತ ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಹಾಗಾಗಿ ಪತ್ರದ ಮೊತ್ತ ಮಾರ್ಗಸೂಚಿ ಮೌಲ್ಯಕ್ಕೆ ತಾಗಿಕೊಂಡೇ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮಾರ್ಗಸೂಚಿ ದರ ಇರುವುದೇ ಗ್ರಾಮವಾರು, ಜಾಗದ ಬಗೆಯ ಪ್ರಕಾರ. ಮಾಡೆಲ್ ಆ ಪಟ್ಟಿಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದೆ. ಅದರ ತಪ್ಪಿಲ್ಲ.

ಪರೀಕ್ಷೆ ಸುಲಭ. ಪ್ರತಿ ಸಾಲಿಗೂ ಪತ್ರದ ಮೊತ್ತವನ್ನು ಆ ದಿನದ ಮಾರ್ಗಸೂಚಿ ಮೌಲ್ಯದಿಂದ ಭಾಗಿಸಿ. ಬಂದ ಸಂಖ್ಯೆಗಳು 1ರ ಅಕ್ಕಪಕ್ಕ ಗುಡ್ಡೆ ಬಿದ್ದಿದ್ದರೆ ನಿಮ್ಮ ಡೇಟಾದಲ್ಲಿ ಮಾರುಕಟ್ಟೆ ಬೆಲೆ ಇಲ್ಲ. ಇನ್ನೊಂದು ಪರೀಕ್ಷೆ ತಾರೀಕಿನದು. ರಾಜ್ಯದಲ್ಲಿ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆಯಿತು. ತಿಂಗಳಿನ ಶ್ಯಾಪ್ ಪಾಲು ಸೆಪ್ಟೆಂಬರ್‌ವರೆಗೆ ಒಂದು ಮಟ್ಟದಲ್ಲಿದ್ದು ಅಕ್ಟೋಬರ್‌ಗೆ ಸರಿಯಾಗಿ ಮೆಟ್ಟಿಲು ಹತ್ತಿದರೆ ಅನುಮಾನವೇ ಬೇಡ. ಮಾರುಕಟ್ಟೆ ಹಾಗೆ ಒಂದೇ ರಾತ್ರಿಯಲ್ಲಿ ಮೆಟ್ಟಿಲು ಹತ್ತುವುದಿಲ್ಲ.

ಪರಿಹಾರ ಕೋಡ್‌ನಲ್ಲಿ ಇಲ್ಲ. ಬೇರೆ ಬೆಲೆ ಹುಡುಕಬೇಕು. ಬ್ಯಾಂಕ್ ಸಾಲಕ್ಕೆ ಮಾಡಿಸಿದ ಮೌಲ್ಯಮಾಪನ ವರದಿ ಮಾಲೀಕರ ಒಪ್ಪಿಗೆಯಿಂದ ಸಿಕ್ಕರೆ ಒಳ್ಳೆಯದು. ಜಾಹೀರಾತಿನ ಬೆಲೆ ಸಿಗುತ್ತದೆ, ಆದರೆ ಅದು ಕೇಳುವ ಬೆಲೆ, ಕೊಟ್ಟ ಬೆಲೆ ಅಲ್ಲ. ಬ್ಯಾಂಕ್ ಹರಾಜಿನ ಬೆಲೆ ನಿಜವಾಗಿ ಕೊಟ್ಟ ಬೆಲೆಯೇ, ಆದರೆ ಅಲ್ಲಿ ಮಾರುವವರಿಗೆ ಕಾಯುವ ಅನುಕೂಲ ಇರುವುದಿಲ್ಲ. ಎಲ್ಲವನ್ನೂ ಒಂದೇ ಅಂತ ಬೆರೆಸಬೇಡಿ. ಬೆಲೆಯ ಮೂಲ ಅಂತ ಒಂದು ಕಾಲಂ ಮಾಡಿ ಮಾಡೆಲ್‌ಗೆ ಕೊಡಿ. ಆಮೇಲೆ ಆ ಕಾಲಂನ ಶ್ಯಾಪ್ ಪಾಲು ನೋಡಿದರೆ ಕೇಳುವ ಬೆಲೆಗೂ ವರದಿಯ ಬೆಲೆಗೂ ನಿಮ್ಮ ಡೇಟಾದಲ್ಲಿ ಎಷ್ಟು ಅಂತರ ಅನ್ನುವುದು ಕಾಣುತ್ತದೆ. ಅಂದಾಜು ಕೊಡುವಾಗ ಆ ಕಾಲಂ ಅನ್ನು ಒಂದೇ ಮೂಲಕ್ಕೆ ಕಟ್ಟಿಹಾಕಿ.

ಇದೇ ಜಾತಿಯ ಇನ್ನೊಂದು ದೋಷ ಸೋರಿಕೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ, ಸಾಲದ ಮೊತ್ತ ಇವು ಬೆಲೆ ಗೊತ್ತಾದ ಮೇಲೆ ಹುಟ್ಟುವ ಅಂಕಿಗಳು. ಇವುಗಳಲ್ಲಿ ಒಂದು ಕಾಲಂ ಒಳಗೆ ಉಳಿದರೂ ಸಾಕು, ಶ್ಯಾಪ್ ಚಿತ್ರದ ತುದಿಯಲ್ಲಿ ಅದೊಂದೇ ಉದ್ದಕ್ಕೆ ನಿಲ್ಲುತ್ತದೆ. ಇದು ಅಪಾಯಕಾರಿ ಕೂಡ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿತು. ಹಳೆಯ ಶುಲ್ಕ ನೋಡಿ ಕಲಿತ ಮಾಡೆಲ್ ಹೊಸ ಪತ್ರದ ಶುಲ್ಕ ನೋಡಿದರೆ ಮನೆಗೆ ಎರಡರಷ್ಟು ಬೆಲೆ ಕಟ್ಟಿಬಿಡುತ್ತದೆ. ಕಾಲಂ ಇಡಬೇಕೋ ಬೇಡವೋ ಅನ್ನುವುದಕ್ಕೆ ಒಂದೇ ಪ್ರಶ್ನೆ ಸಾಕು: ಮನೆ ಮಾರುವ ಮೊದಲೇ ಈ ಅಂಕಿ ಗೊತ್ತಿರುತ್ತದಾ?

ಊರು, ತಾಲೂಕು, ದೂರ

ಒಂದೇ ಊರು ಎರಡು ಕಡೆ ಎರಡು ಬಗೆಯ ಪಾಲು ಪಡೆಯುತ್ತಿದ್ದರೆ ಹೆಸರು ನೋಡಿ. ಗೋಣಿಕೊಪ್ಪ, ಗೋಣಿಕೊಪ್ಪಲು. ವಿರಾಜಪೇಟೆ, ವೀರಾಜಪೇಟೆ. ಹಳೆಯ ಕಾಗದಗಳಲ್ಲಿ ಮಡಿಕೇರಿ ಮರ್ಕರಾ ಆಗಿರುತ್ತದೆ, ಕುಶಾಲನಗರ ಫ್ರೇಜರ್‌ಪೇಟೆ ಆಗಿರುತ್ತದೆ. ಮಾಡೆಲ್‌ಗೆ ಇವೆಲ್ಲ ಬೇರೆ ಬೇರೆ ಊರು. ತಾಲೂಕಿನ ಕಾಲಂ ಇನ್ನೂ ಮೋಸದ್ದು. ಮೊದಲು ಮೂರೇ ತಾಲೂಕು ಇದ್ದವು. ಆಮೇಲೆ ಸೋಮವಾರಪೇಟೆಯಿಂದ ಕುಶಾಲನಗರ, ವಿರಾಜಪೇಟೆಯಿಂದ ಪೊನ್ನಂಪೇಟೆ ಬೇರೆಯಾದವು. ಹಾಗಾಗಿ ಗೋಣಿಕೊಪ್ಪದ ಹಳೆಯ ಮಾರಾಟ ವಿರಾಜಪೇಟೆ ತಾಲೂಕಿನಲ್ಲಿ, ಹೊಸ ಮಾರಾಟ ಪೊನ್ನಂಪೇಟೆ ತಾಲೂಕಿನಲ್ಲಿ ಇರುತ್ತದೆ. ಹೊಸ ತಾಲೂಕಿನ ಸಾಲುಗಳೆಲ್ಲ ಈಚಿನ ವರ್ಷದವಾದ್ದರಿಂದ ಬೆಲೆ ಸಹಜವಾಗಿ ಜಾಸ್ತಿ ಕಾಣುತ್ತದೆ. ಚಿತ್ರ ಮಾತ್ರ ಪೊನ್ನಂಪೇಟೆ ಅನ್ನುವ ಕಾರಣಕ್ಕೇ ಬೆಲೆ ಏರಿತು ಅನ್ನುತ್ತದೆ. ಎಲ್ಲ ಸಾಲಿಗೂ ಇವತ್ತಿನ ತಾಲೂಕನ್ನೇ ಹಾಕಿ.

ಅಕ್ಷಾಂಶ ರೇಖಾಂಶ ಅದಲುಬದಲಾಗಿದೆಯಾ ಅಂತಲೂ ನೋಡಿಬಿಡಿ. ಮಡಿಕೇರಿ ಸುಮಾರು 12.42 ಉತ್ತರ, 75.74 ಪೂರ್ವ. ತಿರುಗಿಸಿ ಹಾಕಿದರೆ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಮನೆ ಇರುತ್ತದೆ. ನಕ್ಷೆಯ ಮೇಲೆ ಚುಕ್ಕಿ ಹಾಕಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ದೂರ ಬೇರೆ ಕಥೆ. ಎರಡು ಬಿಂದುಗಳ ನಡುವಿನ ನೇರ ದೂರ ಬಯಲುಸೀಮೆಯಲ್ಲಿ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ಗಾಳಿಬೀಡಿನಿಂದ ಸುಬ್ರಹ್ಮಣ್ಯ ನಕ್ಷೆಯಲ್ಲಿ ಪಕ್ಕದಲ್ಲೇ ಇದೆ. ಬಸ್ಸಿನಲ್ಲಿ ಹೋಗುವವರು ಸಂಪಾಜೆ, ಸುಳ್ಯ ಸುತ್ತಿ ಹೋಗುತ್ತಾರೆ. ಆಸ್ಪತ್ರೆಗೆ ದೂರ, ಪೇಟೆಗೆ ದೂರ ಅನ್ನುವ ಕಾಲಂಗಳ ಪಾಲು ಏರಿಳಿದು ಗೆರೆಯೇ ಇಲ್ಲದಂತೆ ಕಂಡರೆ ನೇರ ದೂರ ತೆಗೆದು ರಸ್ತೆಯ ಪ್ರಯಾಣದ ಸಮಯ ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್ ಡೇಟಾದಿಂದ ಅದನ್ನು ಲೆಕ್ಕ ಹಾಕಬಹುದು.

ಮಳೆಗೆ ಆರು ಲಕ್ಷ, ಬಾತ್‌ರೂಮ್‌ಗೆ ಹತ್ತು ಲಕ್ಷ

ಮಳೆಯ ಕಾಲಂನಲ್ಲಿ ಎಷ್ಟು ಬೇರೆ ಬೇರೆ ಅಂಕಿ ಇವೆ ಅಂತ ಮೊದಲು ಎಣಿಸಿ. ಹೋಬಳಿಗೊಂದು ಮಳೆ ಅಂಕಿ ತಂದು ಅಲ್ಲಿನ ಎಲ್ಲ ಮನೆಗೂ ಅಂಟಿಸಿದ್ದರೆ ಅದು ಮಳೆ ಅಲ್ಲ, ಹೋಬಳಿಯ ಇನ್ನೊಂದು ಹೆಸರು. ಮಡಿಕೇರಿಯಲ್ಲಿ ಮಳೆ ಬಹಳ, ಕುಶಾಲನಗರದಲ್ಲಿ ತೀರಾ ಕಡಿಮೆ. ಮಡಿಕೇರಿ ಜಿಲ್ಲಾ ಕೇಂದ್ರ, ಸುತ್ತ ಬೆಟ್ಟ ಇರುವುದರಿಂದ ಮನೆ ಕಟ್ಟಲು ಸಮತಟ್ಟಾದ ಜಾಗ ಕಡಿಮೆ. ಬೆಲೆ ಏರಿಸುವುದು ಇವು. ಹೆಸರು ಬರುವುದು ಮಳೆಗೆ. ಮಳೆಯ ಕಾಲಂ ತೆಗೆದು ಮತ್ತೆ ಕಲಿಸಿ. ಅಂಕ ಹಾಗೇ ಉಳಿದು ಆ ಪಾಲು ಊರಿಗೆ ಹೋದರೆ ಅದು ಊರಿನದ್ದೇ ಪಾಲು.

ಬಾತ್‌ರೂಮ್ ಹೋಂಸ್ಟೇ ಸೂಚನೆ. ಸಂಸಾರ ಇರುವ ಮನೆಗೆ ಎರಡೋ ಮೂರೋ ಇರುತ್ತವೆ. ಆರು ಏಳು ಅಟ್ಯಾಚ್ಡ್ ಇದ್ದರೆ ಅಲ್ಲಿ ಅತಿಥಿಗಳು ಬಂದು ಹೋಗುತ್ತಾರೆ. ಅದರ ಬೆಲೆಯಲ್ಲಿ ವ್ಯಾಪಾರದ ಆದಾಯ ಸೇರಿದೆ. ಹಾಗೇ ತೋಟದ ಮನೆಯ ಬೆಲೆಯಲ್ಲಿ ಕಾಫಿ, ಮೆಣಸು ಸೇರಿರುತ್ತದೆ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿತಲ್ಲ, ಆ ಹೊತ್ತಿನ ತೋಟದ ಮನೆ ಮಾರಾಟಗಳನ್ನು ಪೇಟೆ ಮನೆಗಳ ಜೊತೆ ಬೆರೆಸಿ ಕಲಿಸಿದರೆ ಕಾಫಿಯ ಏರಿಕೆ ಹಾಲ್ ದೊಡ್ಡದಿರುವುದರ ಪಾಲಿಗೋ ಕಾರ್ ಶೆಡ್‌ನ ಪಾಲಿಗೋ ಹೋಗಿ ಸೇರುತ್ತದೆ. ಪೇಟೆ ಮನೆ, ಹೋಂಸ್ಟೇ, ತೋಟದ ಮನೆ ಮೂರನ್ನೂ ಬೇರೆ ಮಾಡಿ. ಬೇರೆ ಮಾಡಿದ ಮೇಲೆ ಪೇಟೆ ಮನೆಗಳಲ್ಲಿ ಬಾತ್‌ರೂಮ್ ಪಾಲು ಕುಗ್ಗಿದರೆ ರೋಗ ಅದೇ.

ಜೊತೆಜೊತೆಗೆ ಏರುವ ಕಾಲಂಗಳಲ್ಲಿ ಈ ತೊಂದರೆ ಯಾವಾಗಲೂ ಇರುತ್ತದೆ. ಕಟ್ಟಡದ ವಿಸ್ತೀರ್ಣ, ಕೋಣೆ, ಬಾತ್‌ರೂಮ್ ಮೂರೂ ಒಟ್ಟಿಗೆ ಓಡುತ್ತವೆ. ಪಾಲು ಯಾರಿಗೆ ಹೋಗುತ್ತದೆ ಅನ್ನುವುದು ಮಾಡೆಲ್‌ನ ಒಳಗಿನ ಆಕಸ್ಮಿಕ. ಶ್ಯಾಪ್‌ನಲ್ಲಿ ಎರಡು ಬಗೆಯ ಲೆಕ್ಕ ಇದೆ. ಒಂದು ಕಾಲಂಗಳ ನಂಟನ್ನು ಮುರಿದು ಲೆಕ್ಕ ಹಾಕುತ್ತದೆ, ಆಗ 800 ಚದರ ಅಡಿಯಲ್ಲಿ ಏಳು ಬಾತ್‌ರೂಮ್ ಇರುವಂಥ ಇಲ್ಲದ ಮನೆಗಳೂ ಲೆಕ್ಕಕ್ಕೆ ಬರುತ್ತವೆ. ಇನ್ನೊಂದು ಮರದ ಕವಲುಗಳಲ್ಲಿ ಕಂಡ ಎಣಿಕೆಯನ್ನು ಬಳಸುತ್ತದೆ, ಅಲ್ಲಿ ನಂಟಿರುವ ಕಾಲಂಗಳು ಪಾಲನ್ನು ಹಂಚಿಕೊಳ್ಳುತ್ತವೆ. ಎರಡನ್ನೂ ಓಡಿಸಿ. ಉತ್ತರ ಬೇರೆ ಬಂದರೆ ಆ ಕಾಲಂಗಳನ್ನು ಒಂದು ಗುಂಪು ಮಾಡಿ, ಗುಂಪಿನ ಒಟ್ಟು ಪಾಲನ್ನಷ್ಟೇ ತೋರಿಸಿ.

ಗದ್ದಲ ಯಾವುದು, ನಿಜ ಯಾವುದು ಅಂತ ತಿಳಿಯಲು ಒಂದು ಸುಲಭ ಉಪಾಯ: ಸುಮ್ನೆ ಒಂದು ಕಾಲಂಗೆ ಯಾದೃಚ್ಛಿಕ ಸಂಖ್ಯೆ ತುಂಬಿ ಮಾಡೆಲ್‌ಗೆ ಕೊಡಿ. ಅದಕ್ಕಿಂತ ಕೆಳಗೆ ಬಂದ ಅಂಶಗಳನ್ನು ಕಾರಣ ಅಂತ ಯಾರಿಗೂ ಹೇಳಬೇಡಿ. ರ‍್ಯಾಂಡಮ್ ಫಾರೆಸ್ಟ್ ತಾನಾಗಿ ಕೊಡುವ ಪ್ರಾಮುಖ್ಯತೆ ಪಟ್ಟಿಯಲ್ಲಿ ಸರ್ವೆ ನಂಬರ್ ಮೇಲೆ ಬಂದು ಕೂರುವುದುಂಟು. ಬೇರೆ ಬೇರೆ ಅಂಕಿ ಜಾಸ್ತಿ ಇರುವ ಕಾಲಂಗೆ ಆ ಪಟ್ಟಿ ಒಲಿಯುತ್ತದೆ. ಅದನ್ನು ಬಿಟ್ಟು ಕಾಲಂ ಅನ್ನು ಕಲಸಿ ನೋಡುವ ಪರ್ಮ್ಯುಟೇಶನ್ ವಿಧಾನ ಬಳಸಿ, ಅದೂ ಟೆಸ್ಟ್ ಸಾಲುಗಳ ಮೇಲೆ.

2018ರ ಮೊದಲು, 2018ರ ಆಮೇಲೆ

ಎತ್ತರದಲ್ಲಿರುವ ಮನೆ, ಇಳಿಜಾರು, ಒಳ್ಳೆಯ ನೋಟ. ಮಾಡೆಲ್ ಇವಕ್ಕೆಲ್ಲ ಪ್ಲಸ್ ಕೊಡುತ್ತಿದೆ. ಸರಿಯೋ ತಪ್ಪೋ?

ತಾರೀಕು ನೋಡದೆ ಹೇಳಲಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿಯಿತು, ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಗೆ ನೀರು ನುಗ್ಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿತು. ಮನೆ ನೋಡಲು ಬಂದವರು ಮೊದಲು ಕೇಳುತ್ತಿದ್ದ ಪ್ರಶ್ನೆಗಳಿಗೆ ಹೊಸವು ಸೇರಿದವು. ಹಿಂದೆ ಬರೆ ಎಷ್ಟು ಎತ್ತರ ಕಡಿದಿದ್ದೀರಿ, ನೀರು ಎಲ್ಲಿ ಹರಿಯುತ್ತದೆ, ಆ ವರ್ಷ ಇಲ್ಲಿ ಏನಾಗಿತ್ತು. 2015ರ ಮಾರಾಟವನ್ನೂ 2022ರ ಮಾರಾಟವನ್ನೂ ಒಟ್ಟಿಗೆ ಕಲಸಿ ಕಲಿಸಿದರೆ ಇಳಿಜಾರಿನ ಪಾಲು ಎರಡು ಕಾಲದ ಸರಾಸರಿ ಆಗುತ್ತದೆ. ಎರಡಕ್ಕೂ ಸೇರದ ಅಂಕಿ ಅದು.

ಡೇಟಾವನ್ನು 2018ರ ಆಗಸ್ಟ್‌ನಲ್ಲಿ ತುಂಡು ಮಾಡಿ. ಎರಡು ತುಂಡಿಗೂ ಬೇರೆ ಬೇರೆ ಕಲಿಸಿ, ಇಳಿಜಾರಿನ ಪಾರ್ಷಿಯಲ್ ಡಿಪೆಂಡೆನ್ಸ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳ ಆಕಾರ ಬೇರೆಯಾದರೆ ಹಳೆಯ ಸಾಲುಗಳನ್ನು ಇವತ್ತಿನ ಅಂದಾಜಿಗೆ ಬಳಸಬೇಡಿ. ಟೆಸ್ಟ್ ಕೂಡ ಹಾಗೇ: ಹಳೆಯದರಲ್ಲಿ ಕಲಿಸಿ ಹೊಸದರಲ್ಲಿ ಪರೀಕ್ಷಿಸಿ, ಚೀಟಿ ಎತ್ತಿದಂತೆ ಕಲಸಿ ಅಲ್ಲ.

ನದಿಗೆ ದೂರ ಅನ್ನುವ ಕಾಲಂನಲ್ಲೂ ಎಚ್ಚರ ಬೇಕು. ಹೊಳೆಯಿಂದ ನೂರು ಮೀಟರ್ ದೂರದ ತಗ್ಗಿನ ಮನೆಯೂ, ಅಷ್ಟೇ ದೂರದಲ್ಲಿ ದಿಬ್ಬದ ಮೇಲಿರುವ ಮನೆಯೂ ಮಾಡೆಲ್‌ಗೆ ಒಂದೇ. ನೀರಿಗೆ ಒಂದೇ ಅಲ್ಲ. ದೂರದ ಜೊತೆ ನದಿ ಮಟ್ಟಕ್ಕಿಂತ ಮನೆ ಎಷ್ಟು ಎತ್ತರದಲ್ಲಿದೆ ಅನ್ನುವ ಕಾಲಂ ಸೇರಿಸಿ. ಈ ಜಿಲ್ಲೆಗೆ ಇಷ್ಟು ಮುಖ್ಯವಾದ ಕಾಲಂ ಇನ್ನೊಂದಿಲ್ಲ ಅಂತ ನಾನು ನಂಬುತ್ತೇನೆ. ಬೆಲೆಯ ಅಂದಾಜು ನೋಡಿ ಜನ ಉಳಿತಾಯವನ್ನೆಲ್ಲ ಹಾಕಿ ಮನೆ ಕೊಳ್ಳುತ್ತಾರೆ. ಅಪಾಯದ ಜಾಗವನ್ನು ಒಳ್ಳೆಯ ನೋಟ ಅಂತ ತೋರಿಸುವ ಮಾಡೆಲ್ ಹೊರಗೆ ಹೋಗಬಾರದು.

ಎರಡು ಸಲ ಕೇಳಿದರೆ ಎರಡು ಕಾರಣ

ಲೈಮ್ ಬಳಸುವವರಿಗೆ ಇದು ಕಾಣುತ್ತದೆ. ಅದೇ ಮನೆ, ಅದೇ ಮಾಡೆಲ್, ಒಮ್ಮೆ ರಸ್ತೆ ಕಾರಣ ಅನ್ನುತ್ತದೆ, ಇನ್ನೊಮ್ಮೆ ವಯಸ್ಸು ಅನ್ನುತ್ತದೆ. ಲೈಮ್ ಪ್ರತಿ ಸಲ ಹೊಸದಾಗಿ ಕೃತಕ ಮನೆಗಳನ್ನು ಎತ್ತಿಕೊಳ್ಳುವುದರಿಂದ ಹೀಗಾಗುತ್ತದೆ. ರ‍್ಯಾಂಡಮ್ ಸೀಡ್ (ಚೀಟಿ ಎತ್ತುವಿಕೆ ಶುರುವಾಗುವ ಅಂಕಿ) ಅನ್ನು ಗಟ್ಟಿ ಮಾಡಿದರೆ ಉತ್ತರ ಒಂದೇ ಬರುತ್ತದೆ, ಆದರೆ ದೋಷ ಹೋಗಿರುವುದಿಲ್ಲ, ಮುಚ್ಚಿಹೋಗಿರುತ್ತದೆ. ಕೃತಕ ಮನೆಗಳ ಸಂಖ್ಯೆ ಏರಿಸಿ, ಹಲವು ಸೀಡ್‌ಗಳಲ್ಲಿ ಓಡಿಸಿ. ಎಲ್ಲದರಲ್ಲೂ ಬಂದ ಕಾರಣ ಮಾತ್ರ ಇಟ್ಟುಕೊಳ್ಳಿ.

ಶ್ಯಾಪ್‌ನಲ್ಲೂ ಪಾಲು ಅಲುಗಾಡುತ್ತಿದ್ದರೆ ಸಾಲುಗಳೇ ಕಡಿಮೆ ಅಂತ ಅರ್ಥ. ಸಾಲುಗಳನ್ನು ಮತ್ತೆ ಮತ್ತೆ ಆರಿಸಿ ಮಾಡೆಲ್ ಕಲಿಸಿ, ಪಾಲು ಪ್ಲಸ್‌ನಿಂದ ಮೈನಸ್‌ಗೆ ಹಾರುತ್ತದಾ ನೋಡಿ. ಕೊಡಗಿನ ವಂಶಪಾರಂಪರ್ಯ ಜಮೀನಾದ ಜಮ್ಮಾ ಹಿಡುವಳಿಯಲ್ಲಿ ಇದು ಖಂಡಿತ ಕಾಣುತ್ತದೆ. ಪಟ್ಟೆದಾರರ ಹೆಸರು, ಕುಟುಂಬದ ಹಲವರ ಹಕ್ಕು ಇರುವುದರಿಂದ ಅಂಥ ಜಾಗ ಮಾರಾಟಕ್ಕೆ ಬರುವುದೇ ಅಪರೂಪ. ಬೆರಳೆಣಿಕೆಯ ಸಾಲು ಇಟ್ಟುಕೊಂಡು ಜಮ್ಮಾ ಆಗಿದ್ದರಿಂದ ಇಷ್ಟು ಲಕ್ಷ ಕಡಿಮೆ ಅಂತ ಬರೆಯುವುದು ಅನ್ಯಾಯ. ಐನ್‌ಮನೆಗಳನ್ನಂತೂ (ಕೊಡವ ಕುಟುಂಬಗಳ ಮೂಲ ಮನೆ) ಈ ಲೆಕ್ಕಕ್ಕೆ ತರಲೇಬೇಡಿ. ಜೊತೆಗೆ ಮರದ ಮಾಡೆಲ್‌ಗಳು ಕಲಿತ ಬೆಲೆಗಳ ಎಲ್ಲೆ ದಾಟಿ ಯೋಚಿಸಲಾರವು. ಡೇಟಾದಲ್ಲಿ ಅತಿ ದೊಡ್ಡ ಜಾಗ 50 ಸೆಂಟ್ ಆಗಿದ್ದರೆ ಆರು ಎಕರೆಯ ಜಾಗಕ್ಕೂ ಅದು 50 ಸೆಂಟಿನ ಉತ್ತರವನ್ನೇ ಕೊಡುತ್ತದೆ.

ಸಾಲು ಕಡಿಮೆ ಇದ್ದಾಗ ನನ್ನ ಸಲಹೆ, ಎಕ್ಸ್‌ಜಿಬೂಸ್ಟ್ ಬಿಟ್ಟು ಸರಳ ಲೀನಿಯರ್ ಮಾಡೆಲ್‌ನಿಂದ ಶುರು ಮಾಡಿ. ಅದು ಸಾಲದಿದ್ದರೆ ಇಂಟರ್‌ಪ್ರಿಟ್‌ಎಂಎಲ್‌ನಲ್ಲಿರುವ ಎಕ್ಸ್‌ಪ್ಲೇನಬಲ್ ಬೂಸ್ಟಿಂಗ್ ಮಷಿನ್ ನೋಡಿ. ಪ್ರತಿ ಅಂಶಕ್ಕೂ ಒಂದೊಂದು ಗೆರೆ ಕಲಿಯುವುದರಿಂದ ಮಾಡೆಲ್ ಅನ್ನೇ ನೇರವಾಗಿ ಓದಬಹುದು. ಜಾಗ ಜಾಸ್ತಿ ಆದರೆ ಬೆಲೆ ಇಳಿಯಬಾರದು ಅಂತ ಎಕ್ಸ್‌ಜಿಬೂಸ್ಟ್‌ಗೆ ಕಟ್ಟುಪಾಡು ಹಾಕಲೂ ಬರುತ್ತದೆ. ಆದರೆ ಅಳತೆಯ ತಪ್ಪು ಸರಿಮಾಡಿದ ಮೇಲೆ ಮಾತ್ರ ಹಾಕಿ. ಮೊದಲೇ ಹಾಕಿದರೆ ತಪ್ಪು ಒಳಗೇ ಉಳಿದು ಚಿತ್ರ ಮಾತ್ರ ಚೆಂದ ಕಾಣುತ್ತದೆ.

ಟೆಸ್ಟ್ ಅಂಕ ನಂಬಬಹುದಾ ಅನ್ನುವುದನ್ನೂ ಇಲ್ಲೇ ನೋಡಿ. ಒಂದೇ ಬಡಾವಣೆಯ ಅಕ್ಕಪಕ್ಕದ ಸೈಟುಗಳಲ್ಲಿ ಒಂದು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಮಾಡೆಲ್ ಪಕ್ಕದ ಮನೆಯ ಉತ್ತರ ನೋಡಿ ಬರೆಯುತ್ತದೆ. ಸೈಕಿಟ್‌ಲರ್ನ್‌ನ ಗ್ರೂಪ್ ಕೆ ಫೋಲ್ಡ್ (ಒಂದು ಗುಂಪನ್ನು ಪೂರ್ತಿ ಕಲಿಕೆಗೋ ಪರೀಕ್ಷೆಗೋ ಇಡುವ ವಿಧಾನ) ಬಳಸಿ, ಗುಂಪಿನ ಹೆಸರಾಗಿ ಗ್ರಾಮ ಅಥವಾ ಬಡಾವಣೆ ಕೊಡಿ. ಅಂಕ ಕುಸಿಯುತ್ತದೆ. ಆ ಕುಸಿದ ಅಂಕವೇ ನಿಜ.

ಮನೆಯವರಿಗೆ ತೋರಿಸುವ ಮುಂಚೆ

ಎಲ್ಲ ಸರಿಮಾಡಿದ ಮೇಲೂ ಮಾತಿನಲ್ಲಿ ಒಂದು ದೋಷ ಉಳಿಯುತ್ತದೆ. ಪಾಲನ್ನು ಸಲಹೆ ಅಂತ ಓದುವುದು. ರಸ್ತೆಯ ಪಾಲು ಐದು ಲಕ್ಷ ಅಂದರೆ ರಸ್ತೆ ಮಾಡಿಸಿದರೆ ಐದು ಲಕ್ಷ ಜಾಸ್ತಿ ಸಿಗುತ್ತದೆ ಅಂತ ಅಲ್ಲ. ರಸ್ತೆ ಇರುವ ಮನೆಗಳು ಬೇರೆ ಹತ್ತು ವಿಷಯದಲ್ಲೂ ಬೇರೆ ಇರುತ್ತವೆ. ಪರದೆಯ ಮೇಲಿನ ವಾಕ್ಯ ಹೀಗಿರಲಿ: "ಇಂಥ ಮನೆಗಳಿಗೆ ಹೋಲಿಸಿದಾಗ, ರಸ್ತೆ ಇರುವುದನ್ನು ನೋಡಿ ಮಾಡೆಲ್ ಅಂದಾಜನ್ನು ಇಷ್ಟು ಏರಿಸಿದೆ". ಒಂದೇ ಬೆಲೆ ಬೇಡ, ಕಡಿಮೆ ಎಷ್ಟು ಜಾಸ್ತಿ ಎಷ್ಟು ಅಂತ ಎರಡು ಅಂಕಿ ಕೊಡಿ. ಬೆಲೆಯ ಕೆಳಗಿನ, ಮೇಲಿನ ಎಲ್ಲೆ ಕಲಿಯುವ ಕ್ವಾಂಟೈಲ್ ಮಾಡೆಲ್‌ನಿಂದ ಅದು ಸಿಗುತ್ತದೆ.

ಇ-ಸ್ವತ್ತು ಇಲ್ಲ, ಭೂಪರಿವರ್ತನೆ ಆಗಿಲ್ಲ ಅನ್ನುವಂಥ ಕಾಗದದ ವಿಷಯಗಳಿಗೆ ಪಾಲು ತೋರಿಸುವಾಗ ಇನ್ನೂ ಜಾಗ್ರತೆ ಬೇಕು. ಮಾಡೆಲ್‌ಗೆ ಅದು ಎರಡು ಮೂರು ಲಕ್ಷದ ವ್ಯತ್ಯಾಸ. ಕೊಳ್ಳುವವರಿಗೆ ಬ್ಯಾಂಕ್ ಸಾಲವೇ ಸಿಗದಿರಬಹುದು. ಅದನ್ನು ಬೆಲೆಯ ಪಟ್ಟಿಯ ಒಳಗೆ ಸಣ್ಣ ಮೈನಸ್ ಆಗಿ ಇಡದೆ, ಮೇಲೆ ಬೇರೆಯಾಗಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಕೊನೆಯದಾಗಿ, ಕೇಳಿದ ಮನೆಗೆ ಹೋಲುವ ಸಾಲುಗಳು ಕಲಿಕೆಯ ಡೇಟಾದಲ್ಲಿ ಎಷ್ಟಿವೆ ಅಂತ ಕೋಡ್‌ನಲ್ಲೇ ಎಣಿಸಿ. ಸಾಕಷ್ಟು ಇಲ್ಲದಿದ್ದರೆ ಬೆಲೆಯೂ ಬೇಡ, ಕಾರಣದ ಚಿತ್ರವೂ ಬೇಡ. "ಈ ಊರಿನ ಇಂಥ ಮನೆಗಳ ಮಾರಾಟದ ದಾಖಲೆ ನಮ್ಮಲ್ಲಿ ಕಡಿಮೆ ಇದೆ. ಸ್ಥಳಕ್ಕೆ ಬಂದು ನೋಡುವ ಮೌಲ್ಯಮಾಪಕರನ್ನು ಕೇಳಿ" ಅನ್ನುವ ಸಾಲು ಮಾತ್ರ ಬರಲಿ.